ಚೀಸ್ ಬಿಟ್ಟಿಲ್ಲ, ಕಡಿಮೆ ಮಾಡಿದ್ದೇನೆ: ನನ್ನ ಅನುಭವ

ಹಾಲು, ಚೀಸ್ ಎಲ್ಲವನ್ನೂ ಒಂದೇ ಸಲ ಬಿಟ್ಟವರ ಅನುಭವಗಳು ಓದಲು ಬೇಕಾದಷ್ಟು ಸಿಗುತ್ತವೆ. ನಾನು ಆ ಪೈಕಿಯವನಲ್ಲ. ಈಗಲೂ ಚೀಸ್ ತಿನ್ನುತ್ತೇನೆ, ಖುಷಿಯಿಂದಲೇ ತಿನ್ನುತ್ತೇನೆ. ಆದರೆ ಮೊದಲು ಮನೆಗೆ ಬರುತ್ತಿದ್ದ ಚೀಸ್‌ನ ಕಾಲು ಭಾಗವೂ ಈಗ ಬರುವುದಿಲ್ಲ. ಹಾಲು ಅರ್ಧಕ್ಕೆ ಇಳಿದಿದೆ. ಬೆಣ್ಣೆ ಅಪರೂಪ. ಇಷ್ಟಕ್ಕೆ ದೊಡ್ಡ ಮನೋಬಲವೇನೂ ಬೇಕಾಗಲಿಲ್ಲ. ಅಡುಗೆ ಮಾಡುವಾಗ ಒಂದು ಪ್ರಶ್ನೆ ಕೇಳಿಕೊಳ್ಳುವುದು ರೂಢಿಯಾಯಿತು, ಅಷ್ಟೇ: ಈ ತಟ್ಟೆಯಲ್ಲಿ ಚೀಸ್ ಯಾವ ಕೆಲಸ ಮಾಡುತ್ತಿದೆ?

ಇದೆಲ್ಲ ಶುರುವಾಗಿದ್ದು ರಕ್ತ ಪರೀಕ್ಷೆಯ ವರದಿಯಿಂದ. ಎಲ್‌ಡಿಎಲ್, ಅಂದರೆ ಕೆಟ್ಟದ್ದು ಅನ್ನುವ ಕೊಲೆಸ್ಟ್ರಾಲ್, ಇರಬೇಕಾದ್ದಕ್ಕಿಂತ ಸ್ವಲ್ಪ ಮೇಲಿತ್ತು. "ಸದ್ಯಕ್ಕೆ ಮಾತ್ರೆ ಬೇಡ, ಸ್ಯಾಚುರೇಟೆಡ್ ಕೊಬ್ಬು ಕಡಿಮೆ ಮಾಡಿ ನೋಡೋಣ" ಅಂದರು ಡಾಕ್ಟರು. ಕರಿದ ತಿಂಡಿ ನಾನು ತಿನ್ನುವುದೇ ಕಡಿಮೆ, ಮಾಂಸ ಇನ್ನೂ ಕಡಿಮೆ. ಹಾಗಾದರೆ ಇದು ಬರುತ್ತಿರುವುದು ಎಲ್ಲಿಂದ? ಫ್ರಿಜ್ ತೆಗೆದು ಪೊಟ್ಟಣಗಳ ಹಿಂದಿನ ಸಣ್ಣ ಅಕ್ಷರ ಓದಿದೆ. 100 ಗ್ರಾಂ ಚೆಡ್ಡರ್ ಚೀಸ್‌ನಲ್ಲಿ ಸುಮಾರು 33 ಗ್ರಾಂ ಕೊಬ್ಬು. ಅದರಲ್ಲಿ 20 ಗ್ರಾಂನಷ್ಟು ಸ್ಯಾಚುರೇಟೆಡ್. ದಿನದ ಕ್ಯಾಲೊರಿಯಲ್ಲಿ ಸ್ಯಾಚುರೇಟೆಡ್ ಕೊಬ್ಬಿನ ಪಾಲು ಶೇ 10 ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2000 ಕ್ಯಾಲೊರಿ ತಿನ್ನುವವರಿಗೆ ಅದು ಸುಮಾರು 22 ಗ್ರಾಂ. ಆವತ್ತು ಪಾಸ್ತಾ ಮೇಲೆ ಎಂದಿನಂತೆ ಹಾಕುವಷ್ಟು ಚೀಸ್ ತುರಿದು, ಮೊದಲು ತಕ್ಕಡಿಯಲ್ಲಿ ಇಟ್ಟು ನೋಡಿದೆ. 60 ಗ್ರಾಂ! ಅಂದರೆ ಬರೀ ಮೇಲಿನ ಉದುರಿಕೆಗೇ ದಿನದ ಪಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮುಗಿದುಹೋಗುತ್ತಿತ್ತು.

ಹಾಗಂತ ಚೀಸ್ ವಿಷವೇನಲ್ಲ. ಅಷ್ಟೇ ಕೊಬ್ಬು ಬೆಣ್ಣೆಯಿಂದ ಬಂದರೆ ಎಲ್‌ಡಿಎಲ್ ಹೆಚ್ಚು ಏರುತ್ತದೆ, ಚೀಸ್‌ನಿಂದ ಬಂದರೆ ಅಷ್ಟು ಏರುವುದಿಲ್ಲ. ಇದನ್ನು ಜನರಿಗೆ ತಿನ್ನಿಸಿಯೇ ಪರೀಕ್ಷಿಸಿ ನೋಡಿದ್ದಾರೆ. ಮೊಸರಿನ ಬಗ್ಗೆಯೂ ಅಂಥಾ ದೂರೇನಿಲ್ಲ. ಅದಕ್ಕೇ ನಾನು ಮೊದಲು ಕೈ ಹಾಕಿದ್ದು ಬೆಣ್ಣೆಗೆ. ಅದು ಸುಲಭವೂ ಆಗಿತ್ತು. ಹುರಿಯಲು, ಬೇಯಿಸಲು ಎಣ್ಣೆ ಬಂತು. ಬ್ರೆಡ್ ಮೇಲೆ ಕಡಲೆಕಾಯಿ ಬೆಣ್ಣೆ ಬಂತು. ಮನೆಯಲ್ಲಿ ಯಾರೂ ಕೇಳಲೂ ಇಲ್ಲ.

ಚೀಸ್ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಕೆಲವು ದಿನ ಏನನ್ನೂ ಬದಲಿಸದೆ, ಎಲ್ಲೆಲ್ಲಿ ತಿನ್ನುತ್ತಿದ್ದೇನೆ ಅಂತ ಸುಮ್ನೆ ಬರೆದಿಟ್ಟೆ. ಸ್ಯಾಂಡ್‌ವಿಚ್ ಒಳಗೆ ಒಂದು ಹಾಳೆ. ಆಮ್ಲೆಟ್ ಒಳಗೆ ಒಂದು ಹಿಡಿ. ಸೂಪ್ ಮೇಲೆ, ಸಲಾಡ್ ಮೇಲೆ, ಬೇಯಿಸಿದ ಆಲೂಗಡ್ಡೆ ಮೇಲೆ. ಅಡುಗೆ ಆಗುವವರೆಗೆ ಫ್ರಿಜ್ ಬಾಗಿಲಲ್ಲಿ ನಿಂತು ಬಾಯಿಗೆ ಹಾಕಿಕೊಂಡ ತುಂಡುಗಳು ಬೇರೆ. ಪಟ್ಟಿ ನೋಡಿದಾಗ ಒಂದು ವಿಷಯ ಗೊತ್ತಾಯಿತು. ಇವುಗಳಲ್ಲಿ ಅರ್ಧದಷ್ಟು ಕಡೆ ಚೀಸ್ ಇದ್ದದ್ದು ನನ್ನ ನಾಲಿಗೆಗೆ ಗೊತ್ತೇ ಆಗಿರಲಿಲ್ಲ! ಉಪ್ಪಿನಕಾಯಿ, ಸಾಸಿವೆ ಸಾಸ್, ಟೊಮೆಟೊ ಎಲ್ಲ ಇರುವ ಸ್ಯಾಂಡ್‌ವಿಚ್‌ನಲ್ಲಿ ಆ ತೆಳು ಹಾಳೆಯ ರುಚಿ ಯಾರಿಗೆ ಸಿಗುತ್ತದೆ?

ಅಲ್ಲಿಂದಲೇ ಶುರು ಮಾಡಿದೆ. ಗೊತ್ತೇ ಆಗದ ಕಡೆಯಿಂದ ಚೀಸ್ ತೆಗೆದೆ. ಇಷ್ಟಪಟ್ಟು ತಿನ್ನುವ ಕಡೆ ಮುಟ್ಟಲಿಲ್ಲ. ಬಹಳ ಜನ ಇದನ್ನು ತಿರುವುಮುರುವು ಮಾಡುತ್ತಾರೆ. ತಮಗೆ ತುಂಬಾ ಇಷ್ಟದ ಪಿಜ್ಜಾವನ್ನೇ ಮೊದಲು ಬಿಡುತ್ತಾರೆ, ಹದಿನೈದು ದಿನ ಹಲ್ಲು ಕಚ್ಚಿ ತಡೆದುಕೊಂಡು ಮತ್ತೆ ಹಳೇ ದಾರಿಗೆ ಬರುತ್ತಾರೆ.

ಆಮೇಲೆ ಉಳಿದದ್ದು ನಿಜವಾಗಿಯೂ ಚೀಸ್ ಇಲ್ಲದಿದ್ದರೆ ಸಪ್ಪೆಯಾಗುವ ಅಡುಗೆಗಳು. ಚೀಸ್ ಅಡುಗೆಯಲ್ಲಿ ಒಂದಲ್ಲ, ನಾಲ್ಕು ಕೆಲಸ ಮಾಡುತ್ತದೆ. ಉಪ್ಪು ಕೊಡುತ್ತದೆ. ಕೊಬ್ಬಿನ ನುಣುಪು ಕೊಡುತ್ತದೆ. ಎಳೆ ಎಳೆಯಾಗಿ ಕರಗಿ ಎಲ್ಲವನ್ನೂ ಅಂಟಿಸುತ್ತದೆ. ನಾಲ್ಕನೆಯದು ಬಾಯಲ್ಲಿ ಉಳಿಯುವ ಆ ಗಾಢ ರುಚಿ, ಉಮಾಮಿ. ಜಪಾನಿನ ರಸಾಯನ ವಿಜ್ಞಾನಿ ಕಿಕುನಾಯೆ ಇಕೆಡಾ 1908ರಲ್ಲಿ ಕಡಲಕಳೆಯ ಸಾರಿನಿಂದ ಗ್ಲುಟಮೇಟ್ ಬೇರ್ಪಡಿಸಿ ಈ ರುಚಿಗೆ ಹೆಸರು ಕೊಟ್ಟರು. ಚೀಸ್ ತಿಂಗಳುಗಟ್ಟಲೆ ಹಣ್ಣಾಗುವಾಗ ಅದರ ಪ್ರೋಟೀನ್ ಒಡೆದು ಇದೇ ಗ್ಲುಟಮೇಟ್ ಹೊರಬರುತ್ತದೆ. ಹಳೆಯ ಗಟ್ಟಿ ಚೀಸ್ ಅಷ್ಟು ರುಚಿ ಅನ್ನಿಸುವುದು ಅದಕ್ಕೇ.

ಹೀಗೆ ಬಿಡಿಸಿ ನೋಡಿದ ಮೇಲೆ ಕೆಲಸ ಹಗುರಾಯಿತು. ಒಂದು ಅಡುಗೆಗೆ ಈ ನಾಲ್ಕೂ ಬೇಕಾಗುವುದು ಅಪರೂಪ. ಸೂಪ್‌ಗೆ ಬೇಕಿದ್ದದ್ದು ಬರೀ ಉಮಾಮಿ ಮತ್ತು ಉಪ್ಪು. ಒಂದು ಚಮಚ ಸೋಯಾ ಸಾಸ್, ಸ್ವಲ್ಪ ಚೆನ್ನಾಗಿ ಹುರಿದ ಟೊಮೆಟೊ ಪೇಸ್ಟ್ ಹಾಕಿದೆ, ಸಾಕಾಯಿತು. ಒಣ ಅಣಬೆ ಸಿಕ್ಕರೆ ಇನ್ನೂ ಒಳ್ಳೆಯದು. ಅದರಲ್ಲಿರುವ ಗ್ವಾನಿಲೇಟ್ ಅನ್ನುವ ಅಂಶ ಟೊಮೆಟೊದ ಗ್ಲುಟಮೇಟ್ ಜೊತೆ ಸೇರಿದರೆ ಎರಡರ ರುಚಿಯೂ ಎದ್ದು ಬರುತ್ತದೆ. ನೆನೆಸಿದ ನೀರನ್ನು ಚೆಲ್ಲಬೇಡಿ, ರುಚಿ ಇರುವುದೇ ಅದರಲ್ಲಿ.

ಪಾಸ್ತಾಗೆ ಬ್ರೆಡ್ ಪುಡಿ. ಹಳೆಯ ಬ್ರೆಡ್ ತರಿತರಿಯಾಗಿ ಪುಡಿ ಮಾಡಿ, ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ ಜೊತೆ ಕೆಂಪಗೆ ಹುರಿದು, ಉಪ್ಪು, ತುರಿದ ನಿಂಬೆ ಸಿಪ್ಪೆ ಸೇರಿಸಿ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತೇನೆ. ತುರಿದ ಚೀಸ್ ಉದುರಿಸುವ ಕಡೆಯೆಲ್ಲ ಇದು ಹೋಗುತ್ತದೆ. ಗರಿಗರಿ ಬೇರೆ. ಮೊದಲ ಸಲ ಬಡಿಸಿದಾಗ ಮಗಳು ಕೇಳಿದಳು, "ಅಪ್ಪಾ, ಇದಕ್ಕೆ ಚೀಸ್ ಹಾಕಿಲ್ವಾ?" ಇಲ್ಲ ಅಂದೆ. ಒಂದು ನಿಮಿಷ ಸುಮ್ಮನಿದ್ದು, "ಹಾಗಾದ್ರೆ ಆ ಪುಡಿ ಇನ್ನೊಂದು ಸ್ವಲ್ಪ ಹಾಕು" ಅಂದಳು.

ನುಣುಪು ಬೇಕಾದ ಕಡೆ ಗೋಡಂಬಿ. ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಮಿಕ್ಸಿಯಲ್ಲಿ ನೀರು, ನಿಂಬೆರಸ, ಒಂದು ಎಸಳು ಬೆಳ್ಳುಳ್ಳಿ, ಉಪ್ಪು ಹಾಕಿ ನುಣ್ಣಗೆ ರುಬ್ಬುತ್ತೇನೆ. ಒಂದು ಚಮಚ ನ್ಯೂಟ್ರಿಷನಲ್ ಯೀಸ್ಟ್ ಸೇರಿದರೆ ಚೀಸ್‌ಗೆ ಹತ್ತಿರದ ವಾಸನೆ ಬರುತ್ತದೆ. ಇದು ಬ್ರೆಡ್‌ಗೆ ಹಾಕುವ ಯೀಸ್ಟ್‌ನ ಜಾತಿಯದೇ, ಬಿಸಿ ಮಾಡಿ ನಿಷ್ಕ್ರಿಯಗೊಳಿಸಿ ಚಕ್ಕೆ ಮಾಡಿರುತ್ತಾರೆ. ಗೋಡಂಬಿಯಲ್ಲೂ ಕೊಬ್ಬು ಕಡಿಮೆಯೇನಿಲ್ಲ, 100 ಗ್ರಾಂಗೆ 44 ಗ್ರಾಂನಷ್ಟು. ಆದರೆ ಅದರಲ್ಲಿ ಸ್ಯಾಚುರೇಟೆಡ್ ಇರುವುದು 8 ಗ್ರಾಂ ಮಾತ್ರ. ನನ್ನ ಉದ್ದೇಶಕ್ಕೆ ಅದು ಸರಿ. ತೂಕ ಇಳಿಸಬೇಕು ಅನ್ನುವವರು ಕೈ ಬಿಗಿ ಹಿಡಿಯಲಿ. ಅವರಿಗೆ ಇನ್ನೊಂದು ದಾರಿ ಇದೆ: ಬೇಯಿಸಿದ ಆಲೂಗಡ್ಡೆ, ಸ್ವಲ್ಪ ಕ್ಯಾರೆಟ್, ಬೇಯಿಸಿದ ನೀರು, ಇವನ್ನು ಮಿಕ್ಸಿಗೆ ಹಾಕಿ ಜೋರಾಗಿ ತಿರುಗಿಸಿ. ಆಲೂಗಡ್ಡೆ ಪಿಷ್ಟ ಬಿಟ್ಟು ಗೋಂದಿನಂತೆ ಜಿಗುಟಾಗುತ್ತದೆ. ಪಲ್ಯಕ್ಕೆ ಅದು ದೋಷ, ಸಾಸ್‌ಗೆ ಅದೇ ಗುಣ.

ಅಂಗಡಿಯಲ್ಲಿ ಸಿಗುವ ಸಸ್ಯಜನ್ಯ ಚೀಸ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ನಾನು ನೋಡಿದವುಗಳಲ್ಲಿ ಹೆಚ್ಚಿನವು ಕೊಬ್ಬರಿ ಎಣ್ಣೆ ಮತ್ತು ಪಿಷ್ಟದ ಮುದ್ದೆ. ಪ್ರೋಟೀನ್ ಹೆಸರಿಗೂ ಇಲ್ಲ. ಕೊಬ್ಬರಿ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಶೇ 80ಕ್ಕೂ ಮೇಲೆ. ಪ್ರಾಣಿಗಳ ಸಲುವಾಗಿ ಡೇರಿ ಬಿಡುವವರಿಗೆ ಅದು ಬೇಕಾಗಬಹುದು. ಎಲ್‌ಡಿಎಲ್ ನೋಡಿಕೊಂಡು ಬಿಡುವ ನನ್ನಂಥವರಿಗೆ ಅದರಿಂದ ಏನು ಲಾಭ?

ಕಾಫಿ, ಟೀ ಹಾಲಿನ ಕಥೆ ಬೇರೆ. ಮೊದಲು ತಂದದ್ದು ಸೋಯಾ ಹಾಲು. 100 ಮಿಲಿಗೆ ಸುಮಾರು 3 ಗ್ರಾಂ ಪ್ರೋಟೀನ್ ಇದ್ದು ಅದು ಹಸುವಿನ ಹಾಲಿಗೆ ಹತ್ತಿರ ಬರುತ್ತದೆ. ಬಾದಾಮಿ ಹಾಲಿನಲ್ಲಿ ಸಾಮಾನ್ಯವಾಗಿ ಅರ್ಧ ಗ್ರಾಂ ಆಸುಪಾಸು, ಓಟ್ಸ್ ಹಾಲಿನಲ್ಲಿ ಒಂದು ಗ್ರಾಂ ಆಸುಪಾಸು. ಆದರೆ ಸೋಯಾ ಹಾಲನ್ನು ತಣ್ಣಗೆ ಕಾಫಿಗೆ ಸುರಿದರೆ ಒಡೆದು ಚೂರುಚೂರಾಗುತ್ತದೆ. ಕಾಫಿಯ ಹುಳಿ ಮತ್ತು ಬಿಸಿ ಎರಡೂ ಸೇರಿದರೆ ಅದರ ಪ್ರೋಟೀನ್ ಗಂಟು ಕಟ್ಟುತ್ತದೆ. ಹಾಲನ್ನು ಮೊದಲು ಬೆಚ್ಚಗೆ ಮಾಡಿ, ಲೋಟಕ್ಕೆ ಹಾಕಿ, ಅದರ ಮೇಲೆ ಕಾಫಿಯನ್ನು ನಿಧಾನವಾಗಿ ಸುರಿದರೆ ಬಹುತೇಕ ಸರಿಹೋಗುತ್ತದೆ. ಕುದಿ ಬಂದ ತಕ್ಷಣವೇ ಸುರಿಯಬೇಡಿ. ಪೊಟ್ಟಣದ ಮೇಲೆ ಬರಿಸ್ಟಾ ಎಂದಿದ್ದರೆ ಅದರಲ್ಲಿ ಹುಳಿ ತಡೆಯುವ ಲವಣ ಸೇರಿಸಿರುತ್ತಾರೆ, ಅದು ಒಡೆಯುವುದು ಕಡಿಮೆ. ನನ್ನ ಹೆಂಡತಿಗೆ ಸೋಯಾ ವಾಸನೆ ಒಗ್ಗಲೇ ಇಲ್ಲ. ಅವಳದು ಓಟ್ಸ್ ಹಾಲು. ನಾನು ಬೆಳಗಿನ ಮೊದಲ ಕಾಫಿಗೆ ಹಸುವಿನ ಹಾಲನ್ನೇ ಇಟ್ಟುಕೊಂಡಿದ್ದೇನೆ, ಅದನ್ನು ಬಿಡುವ ಯೋಚನೆಯೂ ಇಲ್ಲ.

ಹೊಟ್ಟೆ ಉಬ್ಬರದ ಕಾರಣಕ್ಕೆ ಡೇರಿ ಕಡಿಮೆ ಮಾಡುವವರ ಲೆಕ್ಕ ಬೇರೆಯೇ. ಜಗತ್ತಿನ ವಯಸ್ಕರಲ್ಲಿ ಸುಮಾರು ಮೂರರಲ್ಲಿ ಇಬ್ಬರಿಗೆ ಬಾಲ್ಯ ಕಳೆದ ಮೇಲೆ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಜೀರ್ಣಿಸುವ ಶಕ್ತಿ ಇಳಿಯುತ್ತದೆ. ತೊಂದರೆ ಕೊಡುವುದು ಮುಖ್ಯವಾಗಿ ಹಾಲು. ಹಳೆಯ ಗಟ್ಟಿ ಚೀಸ್‌ನಲ್ಲಿ ಲ್ಯಾಕ್ಟೋಸ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮೊಸರಿನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಜೀರ್ಣಿಸಲು ನೆರವಾಗುತ್ತವೆ. ಅಂಥವರು ಚೀಸ್ ಬಿಟ್ಟು ಹಾಲು ಮುಂದುವರಿಸಿದರೆ ಏನೂ ಪ್ರಯೋಜನವಿಲ್ಲ, ಅಲ್ವಾ? ಹಾಲಿನ ಅಲರ್ಜಿ ಇರುವವರು ಮಾತ್ರ ಇದನ್ನು ಓದಿ ಪ್ರಯೋಗಕ್ಕೆ ಇಳಿಯಬೇಡಿ. ಅದು ಪ್ರೋಟೀನ್‌ಗೆ ಆಗುವ ಅಲರ್ಜಿ, ಚೂರು ಚೀಸ್ ಕೂಡ ಅಪಾಯ. ಲ್ಯಾಕ್ಟೋಸ್ ಇಲ್ಲ ಎಂದು ಬರೆದ ಹಾಲೂ ಹಸುವಿನ ಹಾಲೇ.

ಅಲರ್ಜಿ ಇಲ್ಲದಿದ್ದರೂ ಪೊಟ್ಟಣ ಓದುವ ಅಭ್ಯಾಸ ಒಳ್ಳೆಯದು. ಹಾಲೊಡಕಿನ ಪುಡಿ, ಕೇಸೀನ್ (ಹಾಲಿನ ಮುಖ್ಯ ಪ್ರೋಟೀನ್), ಕೇಸಿನೇಟ್, ಹಾಲಿನ ಘನಾಂಶ ಎಲ್ಲವೂ ಡೇರಿಯೇ. ಚಿಪ್ಸ್, ಬಿಸ್ಕತ್ತು, ಸಿದ್ಧ ಸೂಪ್ ಪುಡಿಗಳಲ್ಲಿ ಇವು ಕೂತಿರುತ್ತವೆ. ನಾನು ಇಂಥ ಚಿಲ್ಲರೆಗೆ ತಲೆ ಕೆಡಿಸಿಕೊಳ್ಳುವುದಿಲ್ಲ, ನನ್ನ ಲೆಕ್ಕ ಕೆಡಿಸಿದ್ದು ಅವಲ್ಲ.

ತಲೆ ಕೆಡಿಸಿಕೊಳ್ಳಬೇಕಾದದ್ದು ಕ್ಯಾಲ್ಸಿಯಂ ಮತ್ತು ಬಿ12 ಬಗ್ಗೆ. ವಯಸ್ಕರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಒಂದು ದೊಡ್ಡ ಲೋಟ ಹಾಲಿನಲ್ಲಿ 300ರಷ್ಟು ಇರುತ್ತದೆ. ಹಾಲು ಇಳಿಸಿದರೆ ಆ ಜಾಗಕ್ಕೆ ಏನೋ ಬರಬೇಕು. ನನಗೆ ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು, ಕ್ಯಾಲ್ಸಿಯಂ ಲವಣದಿಂದ ಗಟ್ಟಿ ಮಾಡಿದ ತೋಫು, ಎಳ್ಳು, ಎಲೆಕೋಸಿನ ಜಾತಿಯ ಸೊಪ್ಪುಗಳು ಒದಗಿವೆ. ಪಾಲಕ್ ಸೊಪ್ಪನ್ನು ನಂಬಿ ಕೂರಬೇಡಿ. ಅದರಲ್ಲಿ ಕ್ಯಾಲ್ಸಿಯಂ ಇದೆ, ಆದರೆ ಸೊಪ್ಪಿನಲ್ಲೇ ಇರುವ ಆಕ್ಸಲೇಟ್ ಅನ್ನುವ ಅಂಶ ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ಮೈಗೆ ಹತ್ತುವುದು ಶೇ 5ರಷ್ಟು ಮಾತ್ರ. ಹಾಲಿನಿಂದ ಶೇ 30ರಷ್ಟು ಹತ್ತುತ್ತದೆ. ಸೋಯಾ ಹಾಲಿನ ಪೊಟ್ಟಣವನ್ನು ಪ್ರತಿ ಸಲವೂ ಚೆನ್ನಾಗಿ ಅಲ್ಲಾಡಿಸಬೇಕು. ಸೇರಿಸಿದ ಕ್ಯಾಲ್ಸಿಯಂ ತಳಕ್ಕೆ ಇಳಿಯುತ್ತದೆ, ಕೊನೆಗೆ ಪೊಟ್ಟಣದ ಜೊತೆ ಕಸಕ್ಕೆ ಹೋಗುತ್ತದೆ. ಬಿ12 ದಿನಕ್ಕೆ 2.4 ಮೈಕ್ರೋಗ್ರಾಂ ಬೇಕು, ಅದು ಗಿಡಮೂಲದ ಆಹಾರದಲ್ಲಿ ನೆಚ್ಚಿಕೊಳ್ಳುವಷ್ಟು ಸಿಗುವುದಿಲ್ಲ. ಮೊಟ್ಟೆ, ಮೀನು, ಮಾಂಸ ತಿನ್ನದವರು ಹಾಲನ್ನೂ ಇಳಿಸುವುದಾದರೆ ಡಾಕ್ಟರ ಹತ್ತಿರ ಮಾತಾಡಿ ಮಾತ್ರೆಯನ್ನೋ ಬಿ12 ಸೇರಿಸಿದ ಆಹಾರವನ್ನೋ ಗೊತ್ತು ಮಾಡಿಕೊಳ್ಳಿ. ಬೆಳೆಯುವ ಮಕ್ಕಳ ಲೋಟವನ್ನು ನಾನು ಮುಟ್ಟಿಲ್ಲ. ನಮ್ಮ ಮನೆಯಲ್ಲಿ ಮಗಳ ಹಾಲು ಹಾಗೇ ಇದೆ.

ಮತ್ತೆ ಮತ್ತೆ ಕಿವಿಗೆ ಬೀಳುವ ಮಾತೊಂದಿದೆ, ಚೀಸ್ ಮಾದಕ ವಸ್ತುವಿನ ಹಾಗೆ ಚಟ ಹಿಡಿಸುತ್ತದೆ ಅನ್ನುವುದು. ಕೇಸೀನ್ ಜೀರ್ಣವಾಗುವಾಗ ಅಫೀಮಿನ ಗುಣ ಹೋಲುವ ತುಣುಕುಗಳು ಹುಟ್ಟುತ್ತವೆ ಅನ್ನುವುದು ನಿಜ. ಅದರಿಂದ ಮನುಷ್ಯರಿಗೆ ಚಟ ಹತ್ತುತ್ತದೆ ಅನ್ನುವುದಕ್ಕೆ ಪುರಾವೆ ಇಲ್ಲ. ಉಪ್ಪು, ಕೊಬ್ಬು, ಉಮಾಮಿ ಮೂರೂ ಒಂದೇ ತುಂಡಿನಲ್ಲಿ ಇದ್ದರೆ ಯಾರಿಗಾದರೂ ಇನ್ನೊಂದು ತುಂಡು ಬೇಕು ಅನ್ನಿಸುತ್ತದೆ.

ಹಾಗೆ ಅನ್ನಿಸುವುದನ್ನು ತಡೆಯಲು ನಾನು ಮಾಡಿದ್ದು ಕೊಳ್ಳುವ ರೀತಿ ಬದಲಿಸಿದ್ದು. ತುರಿದ ಚೀಸ್ ಪೊಟ್ಟಣ, ಹಾಳೆ ಚೀಸ್ ತರುವುದು ನಿಲ್ಲಿಸಿದೆ. ಅವು ಕೈಗೆ ಸುಲಭ, ಅದಕ್ಕೇ ಬೇಗ ಖಾಲಿ. ಈಗ ತರುವುದು ಚೆನ್ನಾಗಿ ಹಳೆಯದಾದ ಗಟ್ಟಿ ಚೀಸ್‌ನ ಒಂದು ಸಣ್ಣ ತುಂಡು. ದುಬಾರಿ ಹೌದು. ಆದರೆ ರುಚಿ ಎಷ್ಟು ಗಾಢವೆಂದರೆ ತಟ್ಟೆಗೆ 10 ಗ್ರಾಂ ಸಾಕು. ತುರಿಯುವ ಮಣೆಯ ಅತಿ ಸಣ್ಣ ಕಣ್ಣಿನಲ್ಲಿ ತುರಿದರೆ ಅಷ್ಟೇ ಚೀಸ್ ಹತ್ತಿಯ ಹಾಗೆ ಉಬ್ಬಿ ತಟ್ಟೆ ತುಂಬಾ ಕಾಣುತ್ತದೆ. ಅದನ್ನು ಅಡುಗೆಯ ಒಳಗೆ ಬೆರೆಸುವುದಿಲ್ಲ, ಬಡಿಸುವಾಗ ಮೇಲೆ ಹಾಕುತ್ತೇನೆ, ನಾಲಿಗೆಗೆ ಮೊದಲು ಸಿಗುವುದು ಅದೇ. ಉಳಿದದ್ದನ್ನು ತುರಿದು ಫ್ರೀಜರ್‌ನಲ್ಲಿ ಇಟ್ಟರೆ ಕೆಡುವುದಿಲ್ಲ, ಎದ್ದುಹೋಗಿ ಬಾಯಿಗೆ ಹಾಕಿಕೊಳ್ಳಲೂ ಮನಸ್ಸಾಗುವುದಿಲ್ಲ.

ಆರು ತಿಂಗಳ ನಂತರದ ಪರೀಕ್ಷೆಯಲ್ಲಿ ಎಲ್‌ಡಿಎಲ್ ಇಳಿದಿತ್ತು. ಪೂರ್ತಿ ಚೀಸ್ ಕಾರಣ ಅಂತ ಹೇಳಲಾರೆ. ಅದೇ ಹೊತ್ತಿಗೆ ನಡಿಗೆ ಜಾಸ್ತಿಯಾಗಿತ್ತು, ಕಾಳು, ಓಟ್ಸ್ ತಿನ್ನುವುದೂ ಜಾಸ್ತಿಯಾಗಿತ್ತು.

ಪಿಜ್ಜಾಗೆ ಮಾತ್ರ ಬದಲಿ ಸಿಕ್ಕಿಲ್ಲ. ಎಳೆಯೆಳೆಯಾಗಿ ಹಿಗ್ಗುವ ಆ ಗುಣ ಕೇಸೀನ್‌ನದು, ಗೋಡಂಬಿಗಾಗಲಿ ಆಲೂಗಡ್ಡೆಗಾಗಲಿ ಅದು ಬರುವುದಿಲ್ಲ. ಹುಡುಕುವುದನ್ನೂ ಬಿಟ್ಟಿದ್ದೇನೆ. ಪಿಜ್ಜಾ ಮಾಡುವ ದಿನ ಮೊಜರೆಲ್ಲಾನೇ ಹಾಕುತ್ತೇನೆ. ಎಲ್ಲ ಕಡೆ ಹರಡುವುದಿಲ್ಲ, ಅಲ್ಲಲ್ಲಿ ದಪ್ಪ ತುಂಡುಗಳಾಗಿ ಇಡುತ್ತೇನೆ, ನಡುವೆ ಹುರಿದ ಅಣಬೆ, ಈರುಳ್ಳಿ. ಕೆಲವು ತುತ್ತಿನಲ್ಲಿ ಚೀಸ್ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಇದ್ದ ತುತ್ತು ಯಾರ ಪಾಲಿಗೆ ಅನ್ನುವುದಕ್ಕೆ ಮನೆಯಲ್ಲಿ ಸಣ್ಣ ಜಗಳ ಆಗುತ್ತದೆ.