ಕಾಫಿ ಬೀಜದಿಂದ ಬೀಜಗಣಿತ

ಬೀಜಗಣಿತ ಎಂದರೆ ಮುಖ ಸಿಂಡರಿಸುವ ಮಕ್ಕಳೇ ತೋಟದಲ್ಲಿ ತೂಕದ ಹೊತ್ತಿಗೆ ಯಾರಿಗೆ ಎಷ್ಟು ದುಡ್ಡು ಎಂದು ಬಾಯಿಲೆಕ್ಕದಲ್ಲಿ ಹೇಳಿಬಿಡುತ್ತಾರೆ. ಹಾಗಾಗಿ ತೋಟದಿಂದಲೇ ಶುರು ಮಾಡೋಣ.

ವಿರಾಜಪೇಟೆ ಕಡೆಯ ತೋಟ, ರೋಬಸ್ಟಾ ಕಾಫಿಯ ಕುಯ್ಲು. ಅಕ್ಕ ತಂಗಿ ಸೇರಿ 130 ಕೆ.ಜಿ. ಹಣ್ಣು ಕುಯ್ದಿದ್ದಾರೆ. ಅಕ್ಕನದು 14 ಕೆ.ಜಿ. ಜಾಸ್ತಿ. ಯಾರದ್ದು ಎಷ್ಟು?

ಅವಸರದಲ್ಲಿ 130ರ ಅರ್ಧ 65, ಅದಕ್ಕೆ 14 ಕೂಡಿಸಿ ಅಕ್ಕನದು 79 ಎನ್ನುವವರೇ ಹೆಚ್ಚು. ತಪ್ಪು.

ಮೊದಲು, ಗೊತ್ತಿಲ್ಲದ್ದಕ್ಕೆ ಹೆಸರಿಡಿ. ಪುಸ್ತಕದಲ್ಲಿ ಎಕ್ಸ್ ಅಂತಾರೆ, ನಮಗೆ 'ಕ' ಸಾಕು. 'ತಂಗಿ ಕುಯ್ದದ್ದು ಕ ಕೆ.ಜಿ.' ಎಂದು ಬರೆದೇ ಇಡಿ. ಅಕ್ಕನದು ಕ + 14. ಎರಡೂ ಸೇರಿದರೆ:

2ಕ + 14 = 130

ಇಲ್ಲಿ 'ಆ ಕಡೆ ಹೋದರೆ ಪ್ಲಸ್ಸು ಮೈನಸ್ಸಾಗುತ್ತೆ' ಎಂದು ನಮಗೆ ಬಾಯಿಪಾಠ ಮಾಡಿಸಿದ್ದರು. ಯಾಕೆ ಅಂತ ಹೇಳಲಿಲ್ಲ. ನಿಜಕ್ಕೂ ಯಾವುದೂ ಎಲ್ಲಿಗೂ ಹೋಗುವುದಿಲ್ಲ. ಇದು ತಕ್ಕಡಿ ಅಷ್ಟೆ. ವೇಲ್ಸ್‌ನ ಗಣಿತಜ್ಞ ರಾಬರ್ಟ್ ರೆಕಾರ್ಡ್ 1557ರಲ್ಲಿ ಸಮಚಿಹ್ನೆಗೆ ಜೋಡಿಗೆರೆ ಆರಿಸಿಕೊಂಡದ್ದು, ಅಷ್ಟು ಸರಿಸಮ ಇನ್ನಾವುದೂ ಇಲ್ಲ ಎಂದೇ. ಎಡತಟ್ಟೆಯಿಂದ 14 ತೆಗೆದರೆ ಬಲತಟ್ಟೆಯಿಂದಲೂ 14 ತೆಗೆಯಬೇಕು, ಇಲ್ಲದಿದ್ದರೆ ವಾಲುತ್ತದೆ. ಉಳಿದದ್ದು 2ಕ = 116. ಎರಡೂ ಕಡೆ ಅರ್ಧ ಮಾಡಿದರೆ ಕ = 58. ಅಕ್ಕನದು 72.

ತಾಳೆ ನೋಡಿ. 58 + 72 = 130. 72 − 58 = 14. ಎರಡನ್ನೂ ನೋಡಲೇಬೇಕು. ಆ 79ರ ಲೆಕ್ಕದಲ್ಲಿ ತಂಗಿಗೆ 51 ಉಳಿದು ಮೊತ್ತ ಸರಿಯಾಗುತ್ತದೆ, ಆದರೆ ವ್ಯತ್ಯಾಸ 28!

ಇನ್ನೊಂದು ಲೆಕ್ಕ ಮನೆಯ ಹಿರಿಯರಿಗೂ ಬೇಕಾದದ್ದು. ಚೆರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣಿನ, 50 ಕೆ.ಜಿ. ಚೀಲದಿಂದ ಎಷ್ಟು ಕೆ.ಜಿ. ಬೀಜ ಸಿಗುತ್ತದೋ ಅದೇ ಔಟ್‌ಟರ್ನ್, ನಮ್ಮ ಬಾಯಲ್ಲಿ 'ಒಟಿ'. ಒಟಿಯನ್ನು ಕೆ.ಜಿ. ದರದಿಂದ ಗುಣಿಸಿದರೆ ಚೀಲದ ಬೆಲೆ. 26 ಒಟಿ ಬಂತು, ಗಾಡಿ ಬಾಡಿಗೆ 50 ಕಳೆದು ಕೈಗೆ 10,350 ರೂಪಾಯಿ ಸಿಕ್ಕಿತು ಎನ್ನಿ (ಸುಮ್ನೆ ಉದಾಹರಣೆ, ಇವತ್ತಿನ ದರ ಅಲ್ಲ). ಕೆ.ಜಿ.ಗೆ ಎಷ್ಟು ಹಾಕಿದರು? ಈಗ ಆ ದರವೇ ನಮ್ಮ 'ಕ'.

26ಕ − 50 = 10,350

ಚೀಲಕ್ಕೆ ಕೊನೆಗೆ ಕಟ್ಟಿದ ಹುರಿಯನ್ನೇ ಮೊದಲು ಬಿಚ್ಚುತ್ತೇವೆ, ಅಲ್ವಾ? ಇಲ್ಲೂ ಹಾಗೇ. ಕೊನೆಗೆ ಕಳೆದ 50ನ್ನು ಮೊದಲು ಎರಡೂ ಕಡೆ ಕೂಡಿಸಿ: 26ಕ = 10,400. ಆಮೇಲೆ 26ರಿಂದ ಭಾಗಿಸಿ: ಕ = 400.

ಅದೇ ದರಕ್ಕೆ 28 ಒಟಿ ಬಂದಿದ್ದರೆ? 28 × 400 − 50, ಅಂದರೆ 11,150. ಎರಡು ಒಟಿಗೆ ಚೀಲಕ್ಕೆ 800 ರೂಪಾಯಿ ವ್ಯತ್ಯಾಸ. ಒಟಿ ನೋಡಲು ಸ್ಯಾಂಪಲ್ ತೆಗೆಯುವಾಗ ಪಕ್ಕದಲ್ಲೇ ನಿಂತಿರಿ.