ಏಪ್ರಿಲ್‌ನಲ್ಲಿ ಉಳಿದ ಚೀಟಿಗಳು

ಮತಗಟ್ಟೆಯಲ್ಲಿ ನಂಬರ್ ಚೀಟಿ ಕೊಡುವುದು ನನ್ನ ಕೆಲಸ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಸಾಕ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಒಂದು ಸಣ್ಣ ಊರು ನಮ್ಮದು. ಮತದಾರರು ಬಂದು ತಮ್ಮ ಹೆಸರು, ವಿಳಾಸ ಹೇಳಬೇಕು, ಫೋಟೋ ಗುರುತಿನ ಚೀಟಿ ತೋರಿಸಿ ಸಹಿ ಹಾಕಬೇಕು. ಆಮೇಲೆ ನಾನು ಚೀಟಿ ಕೊಡುತ್ತೇನೆ. 2024ರ ನವೆಂಬರ್‌ನಲ್ಲಿ, ಅಧ್ಯಕ್ಷರ ಚುನಾವಣೆಯ ದಿನ, ಚೀಟಿಯ ಮೊದಲ ಕಟ್ಟು ಮಧ್ಯಾಹ್ನದೊಳಗೇ ಖಾಲಿಯಾಯಿತು. ಅದಕ್ಕೂ ಹಿಂದಿನ ಒಂದು ಏಪ್ರಿಲ್ ಚುನಾವಣೆಯಲ್ಲಿ ರಾತ್ರಿ ಎಂಟಕ್ಕೆ ಬಾಗಿಲು ಹಾಕಿದಾಗಲೂ ಅರ್ಧ ಕಟ್ಟು ಹಾಗೇ ಉಳಿದಿತ್ತು. ಅದೇ ಊರು, ಅದೇ ಜನ.

ನಮ್ಮಪ್ಪ ಹಾಸನ ಜಿಲ್ಲೆಯಲ್ಲಿ ಮೇಷ್ಟ್ರಾಗಿದ್ದರು. ಪ್ರತಿ ಎಲೆಕ್ಷನ್ನಿಗೂ ಡ್ಯೂಟಿ ಬೀಳುತ್ತಿತ್ತು. ಹಿಂದಿನ ದಿನವೇ ಮತಪೆಟ್ಟಿಗೆಯ ಜೊತೆ ಬಸ್ಸು ಹತ್ತಿ ಯಾವುದೋ ಹಳ್ಳಿ ಶಾಲೆಯಲ್ಲಿ ಮಲಗುತ್ತಿದ್ದರು. ಇಲ್ಲಿ ಯಾರಿಗೂ ಹಾಗೆ ಆರ್ಡರ್ ಬರುವುದಿಲ್ಲ. ಚುನಾವಣೆ ನಡೆಸುವುದು ಊರಿನ ಕ್ಲರ್ಕ್, ಅಂದರೆ ಊರಾಡಳಿತದ ಒಬ್ಬ ಅಧಿಕಾರಿ. ಕೂರುವವರು ನಾವೇ, ಅಕ್ಕಪಕ್ಕದ ಮನೆಯವರು. ಪೌರತ್ವ ಸಿಕ್ಕ ವರ್ಷ ಕ್ಲರ್ಕ್ ಕಚೇರಿಗೆ ಹೋಗಿ ಹೆಸರು ಕೊಟ್ಟೆ, ತರಬೇತಿ ಆಯಿತು, ಎಲೆಕ್ಷನ್ ಇನ್‌ಸ್ಪೆಕ್ಟರ್, ಅಂದರೆ ಮತಗಟ್ಟೆ ಸಿಬ್ಬಂದಿ, ಆದೆ. ಅಪ್ಪನಿಗೆ ಫೋನ್ ಮಾಡಿ ಹೇಳಿದಾಗ ಅವರು ಮೊದಲು ಕೇಳಿದ್ದು, "ಊಟಕ್ಕೆ ಬಿಡ್ತಾರೇನಪ್ಪಾ?" ಅಂತ.

ನಮ್ಮ ಊರು ಯಾವ ಪಕ್ಷದ ಕಡೆ ಎಂದು ಗೆಳೆಯರು ಕೇಳುತ್ತಾರೆ. ಪಟ್ಟಿ ನೋಡಿ ಹೇಳಲು ಆಗದು. ಕೆಲವು ರಾಜ್ಯಗಳಲ್ಲಿ ಮತದಾರರ ಹೆಸರಿನ ಜೊತೆ ಪಕ್ಷವನ್ನೂ ದಾಖಲಿಸುತ್ತಾರೆ, ವಿಸ್ಕಾನ್ಸಿನ್‌ನಲ್ಲಿ ಆ ಪದ್ಧತಿ ಇಲ್ಲ. ಅಧ್ಯಕ್ಷರ ಚುನಾವಣೆಯಲ್ಲಿ ಇಡೀ ಕೌಂಟಿಯ ಲೆಕ್ಕ ನೋಡಿದರೆ ಇಲ್ಲಿ ಗೆದ್ದದ್ದು 2012ರಲ್ಲಿ ಡೆಮಾಕ್ರಾಟ್ ಒಬಾಮಾ, 2016ರಲ್ಲಿ ರಿಪಬ್ಲಿಕನ್ ಟ್ರಂಪ್, 2020ರಲ್ಲಿ ಡೆಮಾಕ್ರಾಟ್ ಬೈಡನ್, 2024ರಲ್ಲಿ ಮತ್ತೆ ಟ್ರಂಪ್. ಈ ಜನ ಸುಮ್ನೆ ಅತ್ತಿತ್ತ ವಾಲುತ್ತಾರೆ ಅಂತ ಹೊರಗಿನವರಿಗೆ ಅನಿಸುತ್ತದೆ. ಮನಸ್ಸು ಬದಲಾಯಿಸುವವರು ಇದ್ದಾರೆ, ನಿಜ. ಆದರೆ ಮೇಜಿನ ಹಿಂದೆ ಕೂತು ನೋಡಿದವನಾಗಿ ಹೇಳುತ್ತೇನೆ, ಅದಕ್ಕಿಂತ ಜಾಸ್ತಿ ಬದಲಾಗುವುದು ಬಾಗಿಲಲ್ಲಿ ಬರುವ ಮುಖಗಳು.

2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಸುಮಾರು 34 ಲಕ್ಷ ಮತ ಬಿದ್ದವು. ಟ್ರಂಪ್ ಶೇ. 1ಕ್ಕಿಂತ ಕಡಿಮೆ ಅಂತರದಲ್ಲಿ ಗೆದ್ದರು. ಐದೇ ತಿಂಗಳು ಬಿಟ್ಟು, 2025ರ ಏಪ್ರಿಲ್‌ನಲ್ಲಿ, ರಾಜ್ಯದ ಸುಪ್ರೀಂ ಕೋರ್ಟ್ ಸ್ಥಾನಕ್ಕೆ ಡೆಮಾಕ್ರಾಟರ ಬೆಂಬಲವಿದ್ದ ಸೂಸನ್ ಕ್ರಾಫರ್ಡ್ ಸುಮಾರು ಶೇ. 10ರ ಅಂತರದಲ್ಲಿ ಗೆದ್ದರು. ಆಗ ಬಿದ್ದದ್ದು ಸುಮಾರು 23.6 ಲಕ್ಷ ಮತ. ಏಪ್ರಿಲ್‌ಗೆ ಅದೇ ಬಹಳ ದೊಡ್ಡ ಸಂಖ್ಯೆ. ಆದರೂ ನವೆಂಬರ್‌ಗಿಂತ 10 ಲಕ್ಷಕ್ಕೂ ಹೆಚ್ಚು ಕಡಿಮೆ ಅಲ್ವಾ?

ನನ್ನನ್ನು ಕಾಡುವುದು ಈ ಏಪ್ರಿಲ್. ಶಾಲಾ ಮಂಡಳಿ, ಊರಿನ ಮಂಡಳಿ, ನ್ಯಾಯಾಧೀಶರು ಎಲ್ಲರೂ ಆರಿಸಿಬರುವುದು ಆಗಲೇ. ಈ ಸ್ಥಾನಗಳಿಗೆ ನಿಂತವರ ಹೆಸರಿನ ಜೊತೆ ಮತಪತ್ರದಲ್ಲಿ ಪಕ್ಷದ ಹೆಸರೇ ಇರುವುದಿಲ್ಲ. ಶಾಲೆಗಳು ತೆರಿಗೆಯಿಂದ ಎಷ್ಟು ಹಣ ಎತ್ತಬಹುದು ಎಂಬುದಕ್ಕೆ 1993ರಿಂದ ಮಿತಿ ಇದೆ. ಅದನ್ನು ದಾಟಬೇಕಾದರೆ ಜನರನ್ನೇ ಕೇಳಬೇಕು. ಎಷ್ಟೋ ಸಲ ಕೇಳುವುದು ಈ ಏಪ್ರಿಲ್‌ನಲ್ಲೇ. ನಿವೃತ್ತರು ಬೆಳಗ್ಗೆ ಏಳಕ್ಕೇ ಬರುತ್ತಾರೆ. ಬಾಡಿಗೆ ಮನೆಯವರು, ಪ್ರವಾಸಿಗರ ಊರಾದ ವಿಸ್ಕಾನ್ಸಿನ್ ಡೆಲ್ಸ್‌ನ ಹೋಟೆಲುಗಳಲ್ಲಿ ಪಾಳಿ ಮಾಡುವವರು ಕಾಣುವುದಿಲ್ಲ. ಆ ಶಾಲೆಗಳಿಗೆ ಹೋಗುವುದು ಅವರ ಮಕ್ಕಳೂ.

ಒಂದು ಏಪ್ರಿಲ್ ಸಂಜೆ ಒಬ್ಬ ಹುಡುಗ ಬಂದ. ಹೊಸ ವಿಳಾಸ. ಇಲ್ಲಿ ಮತದಾನದ ದಿನವೇ ನೋಂದಣಿ ಮಾಡಿಸಬಹುದು, ವಿಳಾಸಕ್ಕೆ ಪುರಾವೆ ಬೇಕು ಅಷ್ಟೇ. ಅವನು ಬ್ಯಾಂಕ್ ಸ್ಟೇಟ್‌ಮೆಂಟನ್ನು ಫೋನಿನಲ್ಲಿ ತೋರಿಸಿದ. ಕಾಗದವೇ ಬೇಕು ಅಂದೆ. ಹೋದ. ಅರ್ಧ ಗಂಟೆಯಾದ ಮೇಲೆ ನಮ್ಮ ಚೀಫ್ ಇನ್‌ಸ್ಪೆಕ್ಟರಮ್ಮನವರು ಫೋನಿನಲ್ಲಿ ತೋರಿಸಿದರೂ ನಡೆಯುತ್ತದೆ ಅಂದರು. ಹೊರಗೆ ಓಡಿದೆ, ಕಾರು ನಿಲ್ಲಿಸುವ ಜಾಗದಲ್ಲಿ ಯಾರೂ ಇರಲಿಲ್ಲ. ಎಂಟರವರೆಗೂ ಬಾಗಿಲನ್ನೇ ನೋಡುತ್ತಿದ್ದೆ. ಅವನು ಬರಲಿಲ್ಲ. ತಪ್ಪು ನನ್ನದು. ಈಗಲೂ ನೋವಾಗುತ್ತದೆ.

ಆಮೇಲಿಂದ ಮಾರ್ಚ್ ಬಂದರೆ ಒಂದು ಹಾಳೆ ಮಾಡಿಕೊಂಡು ಬಾಡಿಗೆ ಮನೆಗಳ ಬಾಗಿಲು ತಟ್ಟುತ್ತೇನೆ. ಬಟ್ಟೆ ಒಗೆಯುವ ಅಂಗಡಿಯಲ್ಲೂ ಒಂದು ಅಂಟಿಸುತ್ತೇನೆ. ಯಾರಿಗೆ ಹಾಕಿ ಅಂತ ಒಂದಕ್ಷರವೂ ಅದರಲ್ಲಿ ಇರುವುದಿಲ್ಲ. ದಿನ, ವೇಳೆ, ಯಾವ ಯಾವ ಸ್ಥಾನಕ್ಕೆ ಚುನಾವಣೆ, ಏನು ತರಬೇಕು, ಇಷ್ಟೇ. ಜನ ಗೊಂದಲ ಮಾಡಿಕೊಳ್ಳುವುದು ಒಂದೇ ಕಡೆ. ಫೋಟೋ ಗುರುತಿನ ಚೀಟಿ ಬೇರೆ, ವಿಳಾಸದ ಪುರಾವೆ ಬೇರೆ. ಡ್ರೈವಿಂಗ್ ಲೈಸೆನ್ಸಿನಲ್ಲಿ ಹಳೆಯ ವಿಳಾಸವಿದ್ದರೂ ಮುಖ ತೋರಿಸಲು ಅದು ಸಾಕು. ನೋಂದಣಿಗೆ ಮಾತ್ರ ಹೊಸ ವಿಳಾಸವಿರುವ ಕರೆಂಟ್ ಬಿಲ್ಲೋ ಬ್ಯಾಂಕಿನ ಸ್ಟೇಟ್‌ಮೆಂಟೋ ಬೇಕು.

2025ರ ಏಪ್ರಿಲ್‌ನಲ್ಲಿ ಮುಚ್ಚಲು ಹತ್ತು ನಿಮಿಷ ಇದ್ದಾಗ ಹೋಟೆಲಿನ ಸಮವಸ್ತ್ರದಲ್ಲೇ ಒಬ್ಬ ಹೆಂಗಸು ಬಂದರು. ನಾನು ಬಾಗಿಲು ತಟ್ಟಿದ್ದ ಮನೆಯವರು. ಅಷ್ಟು ದೂರದಿಂದಲೇ ಫೋನ್ ಎತ್ತಿ ಹಿಡಿದು, "ಇದು ನಡೆಯುತ್ತೆ ಅಂದಿದ್ರಿ ಅಲ್ವಾ?" ಅಂತ ಕೇಳಿದರು. ನಡೆಯುತ್ತೆ ಅಂದೆ. ಆ ಸಲ ಎಲ್ಲ ಕಡೆಯೂ ಜನ ಜಾಸ್ತಿ ಬಂದಿದ್ದರು, ನನ್ನ ಹಾಳೆಯಿಂದಲೇ ಬಂದರು ಅಂತ ಹೇಳಲಾರೆ. ಹಾಳೆಯಲ್ಲಿ ಫೋನಿನ ವಿಷಯವನ್ನು ಮಾತ್ರ ಈಗ ಮೊದಲ ಸಾಲಿಗೆ ತಂದಿದ್ದೇನೆ, ದಪ್ಪ ಅಕ್ಷರದಲ್ಲಿ.