ಗ್ರಿಡ್‌ಮ್ಯಾನ್ ಕ್ಲೈಮ್ಯಾಕ್ಸ್ ಅರ್ಥ ಆಗ್ಬೇಕಂದ್ರೆ ಹೀಗ್ ನೋಡಿ

ಮೊದ್ಲೇ ಹೇಳ್ಬಿಡ್ತೀನಿ, ಕೆಳಗೆ ಪೂರ್ತಿ ಕಥೆ ಬಿಚ್ಚಿಟ್ಟಿದೀನಿ, ನೋಡ್ದೇ ಇರೋರು ನೋಡ್ಕೊಂಡು ಬಂದು ಓದಿ. 2018ರಲ್ಲಿ ಟ್ರಿಗರ್ ಸ್ಟುಡಿಯೋದವ್ರು ಮಾಡಿದ ಎಸ್‌ಎಸ್‌ಎಸ್‌ಎಸ್ ಗ್ರಿಡ್‌ಮ್ಯಾನ್ ಅನ್ನೋ ಅನಿಮೆ (ಜಪಾನಿ ಕಾರ್ಟೂನ್ ಸೀರೀಸ್) ಬರೀ 12 ಎಪಿಸೋಡು, ಆದ್ರೆ ಕೊನೇದು ಮುಗಿದ ಮೇಲೆ "ಇದೇನಪ್ಪಾ ಆಯ್ತು" ಅಂತ ಕೂತೋರೇ ಜಾಸ್ತಿ.

ಸೀದಾ 12ಕ್ಕೆ ಹೋಗ್ಬೇಡಿ. 6ನೇದು ಮತ್ತೆ 9ನೇದು ಇನ್ನೊಂದ್ ಸಲ ನೋಡಿ. 6ರಲ್ಲಿ ಕಥೆಯ ಹೀರೋ ಯೂತಾಗೆ ಒಬ್ಳು ಚಿಕ್ಕ ಹುಡುಗಿ ಸಿಕ್ಕಿ ಈ ಊರನ್ನೇ ಅವನ ಕ್ಲಾಸ್‌ಮೇಟ್ ಅಕಾನೆ ಸೃಷ್ಟಿ ಮಾಡಿರೋದು, ಇಲ್ಲಿಗೆ ಅವ್ಳೇ ದೇವ್ರು ಅಂತ ಹೇಳ್ತಾಳಲ್ಲ, ಅದು ಗಟ್ಟಿಯಾಗಿ ತಲೇಲಿರ್ಲಿ. 9ರಲ್ಲಿ ಅಕಾನೆ ಯೂತಾಗೂ ಅವನ ಗೆಳೆಯರಿಗೂ ಒಂದೊಂದು ಸಿಹಿ ಕನಸು ಕೊಡ್ತಾಳೆ, ಯಾರೂ ಅಲ್ಲಿ ನಿಲ್ಲಲ್ಲ. ಅಕಾನೆ ಎಷ್ಟು ಒಂಟಿ ಅಂತ ನಂಗೆ ತಟ್ಟಿದ್ದೇ ಅಲ್ಲಿ.

ಆಮೇಲೆ ಇದಕ್ಕೆ ಮೂಲವಾದ ಹಳೇ ಗ್ರಿಡ್‌ಮ್ಯಾನ್ ಬಗ್ಗೆ ಎರಡು ವಿಷಯ ಗೊತ್ತಿರ್ಬೇಕು, ಇದಿಲ್ದೆ ಕ್ಲೈಮ್ಯಾಕ್ಸ್ ಅರ್ಧಂಬರ್ಧ. 1993ರಲ್ಲಿ ತ್ಸುಬುರಾಯಾ ಕಂಪನಿಯವ್ರು ತೆಗೆದಿದ್ದು ಕಾರ್ಟೂನ್ ಅಲ್ಲ, ನಿಜವಾದ ನಟರು ಇದ್ದ ಸೀರಿಯಲ್ಲು, ಅದ್ರಲ್ಲಿ ಬೇರೆ ಲೋಕದಿಂದ ಬಂದ ಗ್ರಿಡ್‌ಮ್ಯಾನ್ ಕಂಪ್ಯೂಟರ್ ಒಳಗೆ ಹೋಗಿ ರಾಕ್ಷಸರ ಜೊತೆ ಹೊಡೆದಾಡ್ತಾನೆ. ಎರಡ್ನೇದು ಗ್ರಿಡ್‌ಮ್ಯಾನ್ ಬಿಡೋ ಫಿಕ್ಸರ್ ಬೀಮ್ ಅನ್ನೋ ಬೆಳಕಿನ ಕಿರಣ, ಅದು ಹೊಡೆಯೋಕಲ್ಲ, ಹಾಳಾಗಿದ್ದನ್ನ ರಿಪೇರಿ ಮಾಡೋಕೆ.

ಈಗ 12 ಹಾಕಿ, ಹೆಡ್‌ಫೋನ್ ಇದ್ರೆ ಒಳ್ಳೇದು, ಫಾರ್ವರ್ಡ್ ಮಾತ್ರ ಮಾಡ್ಬೇಡಿ. ಅಕಾನೆನ ಆಟ ಆಡಿಸೋ ವಿಲನ್ ಅಲೆಕ್ಸಿಸ್‌ನನ್ನ ಯಾವ ಏಟೂ ಸಾಯಿಸಲ್ಲ, ಗ್ರಿಡ್‌ಮ್ಯಾನ್ ಹಳೇ ಸೀರಿಯಲ್ಲಿನ ರೂಪಕ್ಕೇ ಬಂದು ಅದೇ ಫಿಕ್ಸರ್ ಬೀಮ್ ಬಿಡ್ತಾನೆ, ಅದು ವಾಸಿ ಮಾಡೋದು ಅಕಾನೆ ಮನಸ್ಸನ್ನ, ಹಿಂದ್ಗಡೆ 1993ರ ಹಾಡೇ ಬರ್ತಿರುತ್ತೆ, ನಂಗಂತೂ ಮೈ ಜುಮ್ ಅಂತು.

ಫೈಟ್ ಮುಗೀತು ಅಂತ ಎದ್ದು ಹೋಗ್ಬೇಡಿ, ನಿಜವಾದ ಕ್ಲೈಮ್ಯಾಕ್ಸ್ ಶುರುವಾಗೋದೇ ಈಗ. ಯೂತಾ, ಅಕಾನೆ ಇಬ್ರ ಕ್ಲಾಸ್‌ಮೇಟ್ ರಿಕ್ಕಾ ಅಕಾನೆ ಪಕ್ಕ ಕೂತು ಒಂದು ಪಾಸ್ ಕೇಸ್ (ಪಾಸ್ ಕಾರ್ಡ್ ಇಡೋ ಪುಟ್ಟ ಕವರ್) ಗಿಫ್ಟ್ ಕೊಡ್ತಾಳೆ, ನಿನ್ ಜೊತೆನೇ ಇರ್ಬೇಕು ಅಂತ ಆಸೆ ಅಂತಾಳೆ, ಅದ್ರ ಹಿಂದೇನೇ ಈ ಆಸೆ ಯಾವತ್ತೂ ಈಡೇರ್ದೇ ಇರ್ಲಿ ಅಂತಾಳೆ. ಇಲ್ಲಿ ವಿಡಿಯೋ ನಿಲ್ಲಿಸಿ ಒಂದ್ ನಿಮಿಷ ಯೋಚ್ನೆ ಮಾಡಿ. ಅಕಾನೆ ತನ್ನ ಜೊತೆ ಇರೋಕೇ ಅಂತ ಮಾಡ್ಕೊಂಡ ಗೆಳತಿ ಅವ್ಳು, ಅವ್ಳೇ ನೀನು ನಿನ್ ಮನೆಗೆ ಹೋಗು ಅಂತ ಕಳಿಸ್ಕೊಡ್ತಿದಾಳೆ.

ಸ್ಕ್ರೀನ್ ಪೂರ್ತಿ ಖಾಲಿ ಆಗೋವರ್ಗೂ ಆಫ್ ಮಾಡ್ಬೇಡಿ. ಕಟ್ಟಕಡೇಲಿ ಚಿತ್ರ ಹೋಗಿ ನಿಜವಾದ ಕ್ಯಾಮೆರಾದಲ್ಲಿ ತೆಗೆದ ಶಾಟ್ ಬರುತ್ತೆ, ಒಬ್ಳು ಹುಡುಗಿ ಹಾಸಿಗೇಲಿ ಎಚ್ಚರ ಆಗ್ತಾಳೆ, ಅವ್ಳೇ ಅಕಾನೆ. ಅನಿಮೆ ಆಗಿ ಕಂಡಿದ್ದೆಲ್ಲಾ ಅವ್ಳ ಒಳಗಿನ ಲೋಕ, ಕ್ಯಾಮೆರಾದಲ್ಲಿ ಕಾಣೋದು ಹೊರಗಿನ ಲೋಕ, ಹಳೇ ಸೀರಿಯಲ್ಲು ನಟರದ್ದು ಅಂತ ಹೇಳಿದ್ದು ಇದಕ್ಕೇ.

ಮುಗಿದ್ಮೇಲೆ ಅವತ್ತೇ 1ನೇ ಎಪಿಸೋಡ್ ಹಾಕಿ. ನೆನಪೆಲ್ಲಾ ಕಳ್ಕೊಂಡು ರಿಕ್ಕಾ ಮನೇಲಿ ಕಣ್ಣು ಬಿಡ್ತಾನಲ್ಲ ಯೂತಾ, ಅವ್ನು ಯೂತಾ ಅಲ್ಲ, ಅವ್ನ ಮೈಯೊಳಗೆ ಬಂದಿರೋ ಗ್ರಿಡ್‌ಮ್ಯಾನ್. ಊರಿಗೂರೇ ತನ್ನನ್ನ ಇಷ್ಟಪಡೋ ಹಾಗೆ ಅಕಾನೆ ಮಾಡಿಟ್ಟಿದ್ರೂ ಈ ಒಬ್ಬ ಹುಡುಗ ಮಾತ್ರ ರಿಕ್ಕಾನ ಇಷ್ಟಪಟ್ಟಿದ್ದ, ಅದಕ್ಕೇ ಗ್ರಿಡ್‌ಮ್ಯಾನ್ ಬಂದಿದ್ದು ಇವ್ನ ಹತ್ರ.